ಹನ್ನೆರಡು ಅಂಕಿ, ಇಪ್ಪತ್ತೊಂದು ಲಕ್ಷ ಜನ

ಬಸವಣ್ಣನವರು ಬಾಗೇವಾಡಿಯಲ್ಲಿ ಹುಟ್ಟಿದ ದಿನ ಒಬ್ಬರು ಒಂದು, ಎರಡು, ಮೂರು ಎಂದು ಎಣಿಸಲು ಕೂತರು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಸಂಖ್ಯೆ, ಊಟವಿಲ್ಲ, ನಿದ್ದೆಯಿಲ್ಲ. ಸುಮಾರು ಒಂಬೈನೂರು ವರ್ಷ ಕಳೆದು ಇವತ್ತಿಗೆ ಅವರ ಎಣಿಕೆ 2,800 ಕೋಟಿಯ ಆಸುಪಾಸಿಗೆ ಬಂದಿರುತ್ತದೆ. ಆಧಾರ್ ಸಂಖ್ಯೆಯಾಗಿ ಕೊಡಲು ಬರುವ ಸಂಖ್ಯೆಗಳು ಒಟ್ಟು 8,000 ಕೋಟಿ. ಅಂದರೆ ಅವರು ದಾರಿಯ ಮೂರನೇ ಒಂದು ಭಾಗವನ್ನು ಈಗಷ್ಟೇ ದಾಟಿದ್ದಾರೆ.

ಈ 8,000 ಕೋಟಿಯ ಲೆಕ್ಕ ಸರಳ. ಆಧಾರ್‌ನಲ್ಲಿ ಹನ್ನೆರಡು ಅಂಕಿ. ಮೊದಲನೆಯದು ಸೊನ್ನೆಯಾಗಲಿ ಒಂದಾಗಲಿ ಆಗುವಂತಿಲ್ಲ, ಹಾಗಾಗಿ ಅಲ್ಲಿ ಎಂಟೇ ಆಯ್ಕೆ. ಮುಂದಿನ ಹತ್ತು ಸ್ಥಾನಗಳಲ್ಲಿ ತಲಾ ಹತ್ತು. ಕೊನೆಯ ಅಂಕಿಗೆ ಸ್ವಾತಂತ್ರ್ಯವಿಲ್ಲ. ಹಿಂದಿನ ಹನ್ನೊಂದು ಸೇರಿ ಅದು ಏನೆಂದು ಗೊತ್ತುಮಾಡುತ್ತವೆ. ದೇಶದಲ್ಲಿ 2024ರ ಹೊತ್ತಿಗೆ ಕೊಟ್ಟಿದ್ದು ಸುಮಾರು 138 ಕೋಟಿ. 58 ಸಂಖ್ಯೆಗಳಲ್ಲಿ ಒಂದಕ್ಕಷ್ಟೇ ಮನುಷ್ಯರಿದ್ದಾರೆ, ಉಳಿದ 57 ಖಾಲಿ ಬಿದ್ದಿವೆ.

ಆ ಕೊನೆಯ ಅಂಕಿ ಕಾವಲುಗಾರ. ಡಚ್ ಗಣಿತಜ್ಞ ಯಾಕೋಬಸ್ ವರ್ಹೂಫ್ 1969ರಲ್ಲಿ ಕೊಟ್ಟ ವಿಧಾನ ಅದು. ಸಮಪಂಚಕೋನವೊಂದನ್ನು ತಿರುಗಿಸಿ, ಮಗುಚಿ ಮತ್ತೆ ಅದರದೇ ಜಾಗದಲ್ಲಿ ಕೂರಿಸುವ ಹತ್ತು ಬಗೆಗಳ ಮೇಲೆ ನಿಂತ ಗಣಿತ. ಸಿಂದಗಿಯ ಯಾವುದೋ ಕೌಂಟರಿನಲ್ಲಿ ಗಡಿಬಿಡಿಯಲ್ಲಿ ಒಂದು ಅಂಕಿ ತಪ್ಪಿ ಒತ್ತಿದರೆ, ಅಥವಾ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ, ಈ ಲೆಕ್ಕ ಅದನ್ನು ಪ್ರತಿಸಲವೂ ಹಿಡಿಯುತ್ತದೆ. ಅಂಥ ಒಂದು ತಪ್ಪಿನಿಂದ ಒಬ್ಬರ ಪಿಂಚಣಿ ಇನ್ನೊಬ್ಬರ ಸಂಖ್ಯೆಗೆ ಹೋಗದಂತೆ ಪಂಚಕೋನವೊಂದು ಕಾಯುತ್ತಿದೆ.

ನಮ್ಮ ವಿಜಯಪುರ ಜಿಲ್ಲೆಯ ಅಳತೆಗೆ ಬರೋಣ. 2011ರ ಜನಗಣತಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮತ್ತು ವಿಜಯಪುರ, ಈ ಐದು ತಾಲ್ಲೂಕು ಸೇರಿ ಜಿಲ್ಲೆಯ ಜನ 21,77,331. ಸೆಕೆಂಡಿಗೆ ಒಬ್ಬರಂತೆ ಹೆಸರು ಕೂಗಿದರೆ 25 ಹಗಲು 25 ರಾತ್ರಿ ಬೇಕು. ದೇಶದ 138 ಕೋಟಿಗೆ ಹೀಗೇ ಕೂಗುತ್ತ ಹೋದರೆ ಸುಮಾರು 44 ವರ್ಷ.

ಎಣಿಸುವುದಾದರೂ ಸುಲಭ, ಒಬ್ಬರಿಗೆ ಒಂದೇ ಸಂಖ್ಯೆ ಇದೆಯೆಂದು ಖಾತ್ರಿ ಮಾಡುವುದು ಕಷ್ಟ. ಅದಕ್ಕೇ ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಮುಖ. ಹೊಸದಾಗಿ ನೋಂದಾಯಿಸಿದವರನ್ನು ಈಗಾಗಲೇ ಇರುವ ಎಲ್ಲರೊಡನೆ ಹೋಲಿಸಿ ನೋಡಬೇಕು. ನಮ್ಮ ಜಿಲ್ಲೆಯವರನ್ನಷ್ಟೇ ಒಬ್ಬರಿಗೊಬ್ಬರು ಹೋಲಿಸಿದರೂ 2 ಲಕ್ಷ 37 ಸಾವಿರ ಕೋಟಿ ಜೋಡಿಗಳಾಗುತ್ತವೆ. ಸೆಕೆಂಡಿಗೆ ಒಂದು ಜೋಡಿ ನೋಡುತ್ತ ಕೂತವರಿಗೆ 75 ಸಾವಿರ ವರ್ಷ ಹಿಡಿದೀತು. ಇಡೀ ದೇಶಕ್ಕೆ ಅದು ಒಂಬತ್ತೂವರೆ ಲಕ್ಷ ಲಕ್ಷ ಕೋಟಿ ಜೋಡಿ. ಮಹಾರಾಷ್ಟ್ರದ ನಂದೂರಬಾರ್ ಜಿಲ್ಲೆಯ ಟೆಂಭ್ಲಿ ಎಂಬ ಹಳ್ಳಿಯಲ್ಲಿ 2010ರ ಸೆಪ್ಟೆಂಬರ್ 29ರಂದು ಮೊದಲ ಸಂಖ್ಯೆ ಕೊಟ್ಟಲ್ಲಿಂದ ಯಂತ್ರಗಳು ಈ ಕೆಲಸವನ್ನು ಮಾಡುತ್ತ ಬಂದಿವೆ.

ಒಂದು ಸಂಖ್ಯೆ ಒಬ್ಬರದೇ ಆಗಿ ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಥೆಯಿದೆ. ಅಲ್ಲಿ ಸಾಮಾಜಿಕ ಭದ್ರತೆಯ ಒಂಬತ್ತು ಅಂಕಿಯ ಸಂಖ್ಯೆ 1936ರಲ್ಲಿ ಶುರುವಾಯಿತು. 1938ರಲ್ಲಿ ಪರ್ಸ್ ತಯಾರಿಸುವ ಕಂಪನಿಯೊಂದು ಮಾದರಿ ಕಾರ್ಡೊಂದನ್ನು ಪರ್ಸಿನೊಳಗೆ ಇಟ್ಟು ಮಾರಿತು. ಮಾದರಿಯೇನೋ ಹೌದು, ಆದರೆ ಅದರ ಮೇಲಿದ್ದದ್ದು ಕಂಪನಿಯಲ್ಲಿ ಕಾರ್ಯದರ್ಶಿಯಾಗಿದ್ದ ಹೆಣ್ಣುಮಗಳೊಬ್ಬಳ ನಿಜವಾದ ಸಂಖ್ಯೆ. ಕೊಂಡವರು ಅದನ್ನೇ ತಮ್ಮದೆಂದು ಬಳಸತೊಡಗಿದರು. ವರ್ಷಗಟ್ಟಲೆ ನಡೆದ ಈ ಬಳಕೆಯಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಆ ಒಂದೇ ಸಂಖ್ಯೆಯನ್ನು ತಮ್ಮದೆಂದರು. 2011ರಲ್ಲಿ ಇಂಡಿ ಪಟ್ಟಣದ ಇಡೀ ಜನಸಂಖ್ಯೆ 40 ಸಾವಿರ ಮುಟ್ಟಿರಲಿಲ್ಲ. ಒಂದು ಪಟ್ಟಣಕ್ಕೆ ಪಟ್ಟಣವೇ ಒಬ್ಬ ಹೆಣ್ಣುಮಗಳ ಗುರುತಿನೊಳಗೆ ಹೊಕ್ಕಂತಾಯಿತು.

ಸ್ವೀಡನ್ 1947ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿಯ ಸಂಖ್ಯೆಯಲ್ಲಿ ಹುಟ್ಟಿದ ತಾರೀಖೇ ಕೂತಿದೆ. ಅದರ ಮುಂದೆ ಮೂರು ಅಂಕಿಯ ಕ್ರಮಸಂಖ್ಯೆ, ಒಂದು ಕಾವಲು ಅಂಕಿ. ಹಾಗಾಗಿ ಒಂದು ದಿನಕ್ಕೆ ಸಿಗುವುದು ಸಾವಿರದೊಳಗೆ. ಹುಟ್ಟಿದ ದಿನ ಗೊತ್ತಿಲ್ಲದ ವಲಸಿಗರಿಗೆಲ್ಲ ಜನವರಿ 1 ಅಥವಾ ಜುಲೈ 1 ಎಂದು ಬರೆಯುತ್ತ ಹೋಗಿ, ಕೆಲವು ವರ್ಷಗಳ ಆ ತಾರೀಖುಗಳಲ್ಲಿ ಸಂಖ್ಯೆಗಳೇ ಮುಗಿದುಹೋದವು. ಈ ಪದ್ಧತಿ ನಮ್ಮಲ್ಲಿ ಒಂದು ದಿನವೂ ನಡೆಯದು. ಭಾರತದಲ್ಲಿ ದಿನಕ್ಕೆ 60 ಸಾವಿರಕ್ಕೂ ಹೆಚ್ಚು ಕೂಸುಗಳು ಹುಟ್ಟುತ್ತವೆ. ಸಾಲದ್ದಕ್ಕೆ ನಮ್ಮ ಕಡೆ ಜೂನ್ 1ರಂದು ಹುಟ್ಟಿದವರಿಗೆ ಲೆಕ್ಕವಿಲ್ಲ. ಸಾಲಿಗೆ ಹಚ್ಚುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದು. ಸಾಲಿಯ ಮುಖ ನೋಡದ ಎಷ್ಟೋ ಹಿರಿಯರ ಕಾರ್ಡಿನಲ್ಲಿ ಅಂದಾಜಿನ ವರ್ಷದ ಜೊತೆ ಜನವರಿ 1 ಇದೆ. ಆಧಾರ್ ಸಂಖ್ಯೆ ಇದ್ಯಾವುದನ್ನೂ ಹೊತ್ತಿಲ್ಲ. ಅದನ್ನು ಎಷ್ಟು ಸಲ ಓದಿದರೂ ಊರು ಗೊತ್ತಾಗದು, ವಯಸ್ಸು ಗೊತ್ತಾಗದು, ಗಂಡೋ ಹೆಣ್ಣೋ ತಿಳಿಯದು, ಜಾತಿಯಂತೂ ಇಲ್ಲವೇ ಇಲ್ಲ. ಬಸವಣ್ಣನವರ ಊರಿನ ಜನಕ್ಕೆ ಈ ಮಾತಿನ ಬೆಲೆ ಗೊತ್ತು.

ಈಗ ಆ ಸಂಖ್ಯೆ ದಿನನಿತ್ಯ ದುಡಿಯುವ ಜಾಗಕ್ಕೆ ಹೋಗೋಣ. ಮುದ್ದೇಬಿಹಾಳದ ಹಳ್ಳಿಯೊಂದರ ರೇಷನ್ ಅಂಗಡಿಯಲ್ಲಿ ಒಬ್ಬಾಕೆ ಹೆಬ್ಬೆಟ್ಟು ಒತ್ತುತ್ತಾಳೆ. ‘ಇದು ಇವಳದೇ ಬೆರಳೇ?’ ಎಂಬ ಪ್ರಶ್ನೆಗೆ ಉತ್ತರ ಆಧಾರ್ ಕೊಡುವ ಪ್ರಾಧಿಕಾರದ ದತ್ತಾಂಶ ಕೇಂದ್ರಗಳಲ್ಲಿದೆ: ಒಂದು ಹರಿಯಾಣದ ಮಾನೇಸರದಲ್ಲಿ, ಇನ್ನೊಂದು ರಸ್ತೆಯಲ್ಲಿ ನಾನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರಿನಲ್ಲಿ. ಹೌದು ಅಥವಾ ಅಲ್ಲ ಎಂಬ ಉತ್ತರ ಕೆಲವೇ ಸೆಕೆಂಡಿನಲ್ಲಿ ಮರಳುತ್ತದೆ. ದೇಶದಲ್ಲಿ ತಿಂಗಳಿಗೆ ಇಂಥ ದೃಢೀಕರಣಗಳು 200 ಕೋಟಿಗೂ ಹೆಚ್ಚು. ಸರಾಸರಿ ತೆಗೆದರೆ ಸೆಕೆಂಡಿಗೆ 770.

ಆದರೆ ಇಂಡಿಯ ತೋಟದಲ್ಲಿ ಮುಳ್ಳಿನ ನಡುವೆ ಲಿಂಬೆ ಕಿತ್ತ ಬೆರಳು, ಸಿಂದಗಿಯ ಹೊಲದಲ್ಲಿ ಹತ್ತಿ ಬಿಡಿಸಿದ ಬೆರಳು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ ಬಂದ ಬೆರಳು ಕಾಗದದ ಹಾಗೆ ಗೆರೆ ಉಳಿಸಿಕೊಳ್ಳುವುದಿಲ್ಲ. ವಯಸ್ಸಾದಂತೆ ಗೆರೆ ಇನ್ನೂ ಸವೆಯುತ್ತದೆ. ‘ಥಂಬ್ ಹತ್ತವಲ್ದು’ ಎಂಬ ಮಾತು ನಮ್ಮ ಜಿಲ್ಲೆಯ ರೇಷನ್ ಅಂಗಡಿಗಳಲ್ಲಿ ಕೇಳುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಕೆಲಸ ಮಾಡುವ ಯಂತ್ರವನ್ನು ನಾವು ಒಳ್ಳೆಯ ಯಂತ್ರ ಎನ್ನುತ್ತೇವೆ. ಉಳಿದ ಒಂದನ್ನು ಜನರ ಲೆಕ್ಕಕ್ಕೆ ತಂದು ನೋಡಿ. ನಮ್ಮ ಜಿಲ್ಲೆಯ ನೂರರಲ್ಲೊಂದು ಪಾಲೆಂದರೆ 21,773 ಜನ. ದೇಶದ ನೂರರಲ್ಲೊಂದು ಪಾಲೆಂದರೆ 1.38 ಕೋಟಿ, ಅಂದರೆ ವಿಜಯಪುರದಂಥ ಆರು ಜಿಲ್ಲೆಗಳಿಗಿಂತ ಹೆಚ್ಚು. ಗೃಹಲಕ್ಷ್ಮಿಯ 2,000 ರೂಪಾಯಿ ರಾಜ್ಯದ ಒಂದು ಕೋಟಿಗೂ ಮೀರಿದ ಹೆಣ್ಣುಮಕ್ಕಳಿಗೆ ಸೇರಬೇಕು; ಸಾವಿರಕ್ಕೆ ಒಂದು ತಪ್ಪಿದರೂ ಹತ್ತು ಸಾವಿರ ಮನೆ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 40 ರೂಪಾಯಿ. ಅದನ್ನೇ ನಂಬಿದವರಿಗೆ ಒಂದು ತಿಂಗಳು ತಪ್ಪುವುದು ಶೇಕಡಾವಾರಿನ ಮಾತಲ್ಲ.

ಈ ಬೃಹತ್ ಲೆಕ್ಕದ ಎರಡೂ ತುದಿಯಲ್ಲಿ ಕರ್ನಾಟಕದವರಿದ್ದಾರೆ. ಪ್ರಾಧಿಕಾರವನ್ನು ಮೊದಲ ಅಧ್ಯಕ್ಷರಾಗಿ ಕಟ್ಟಿದವರು ಬೆಂಗಳೂರಿನ ನಂದನ್ ನಿಲೇಕಣಿ. 2012ರಲ್ಲಿ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಆಗ ಅವರಿಗೆ ಎಂಬತ್ತಾರು ವರ್ಷ. ಅವರ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಉಳಿಸಿತು, ಮಿತಿಯನ್ನೂ ಹಾಕಿತು. ಯಂತ್ರ ಗುರುತಿಸಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಸವಲತ್ತು ತಪ್ಪಬಾರದು ಎಂಬ ಮಾತೂ ಅದರಲ್ಲಿ ದಾಖಲಾಗಿದೆ. ಕಟ್ಟಿದವರ ಸಾಹಸವನ್ನೂ ಪ್ರಶ್ನಿಸಿದವರ ಹಟವನ್ನೂ ನಾನು ಒಂದೇ ಗೌರವದಿಂದ ನೋಡುತ್ತೇನೆ. ಒಬ್ಬರು ಎಲ್ಲರನ್ನೂ ಎಣಿಸಬಹುದೆಂದು ತೋರಿಸಿದರು, ಇನ್ನೊಬ್ಬರು ಒಬ್ಬೊಬ್ಬರೂ ಲೆಕ್ಕಕ್ಕೆ ಬರಬೇಕೆಂದರು.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಈ ತಿಂಗಳು ಎಷ್ಟು ಜನರ ಬೆರಳು ಹತ್ತಲಿಲ್ಲ, ಅವರಲ್ಲಿ ಎಷ್ಟು ಜನಕ್ಕೆ ಕಣ್ಣಿನಿಂದಲೋ ಮುಖದಿಂದಲೋ ಮೊಬೈಲಿಗೆ ಬಂದ ಒಟಿಪಿಯಿಂದಲೋ ಅಕ್ಕಿ ಸಿಕ್ಕಿತು, ಎಷ್ಟು ಜನ ಬರಿಗೈಲಿ ಮರಳಿದರು, ಈ ಮೂರು ಅಂಕಿಗಳನ್ನು ಪ್ರತಿ ತಾಲ್ಲೂಕು ಕಚೇರಿ ತಿಂಗಳಿಗೊಮ್ಮೆ ಬೋರ್ಡಿನ ಮೇಲೆ ಹಚ್ಚಲಿ. ಹತ್ತು ಸಾವಿರಕ್ಕೆ ಒಬ್ಬರು ತಪ್ಪಿಹೋದರೂ ಜಿಲ್ಲೆಯಲ್ಲಿ ಅವರು 217 ಜನ. 138 ಕೋಟಿ ಜನರನ್ನು ಒಬ್ಬರಿಂದ ಒಬ್ಬರನ್ನು ಬೇರ್ಪಡಿಸಿ ಗುರುತಿಸಬಲ್ಲ ವ್ಯವಸ್ಥೆಗೆ 217 ಮನೆಗಳ ಬಾಗಿಲಿಗೆ ಹೋಗಿ ಬರುವುದು ಅಸಾಧ್ಯವಲ್ಲ. ಆ ಕೆಲಸ ಇಂಡಿಯಲ್ಲಿ, ಸಿಂದಗಿಯಲ್ಲಿ, ಮುದ್ದೇಬಿಹಾಳದಲ್ಲಿ, ಬಸವನ ಬಾಗೇವಾಡಿಯಲ್ಲಿ ಮೊದಲಾದರೆ ಉಳಿದ ಜಿಲ್ಲೆಗಳಿಗೆ ದಾರಿ ತೋರಿಸಿದಂತಾಗುತ್ತದೆ.