ಫಾರ್ಮಕಾಲಜಿ ಮೊಬೈಲಲ್ಲಿ ಕಲೀಬಹುದು, ಫಾರ್ಮಸಿಸ್ಟ್ ಆಗೋಕಾಗಲ್ಲ
ಬಳ್ಳಾರಿಯಿಂದ ಮಾತಾಡ್ತಿದ್ದೀನಿ. ಸಿರುಗುಪ್ಪ, ಕುರುಗೋಡಿನ ಕೇಳುಗರಿಗೆ ಇವತ್ತಿನ ಪ್ರಶ್ನೆ: ದಿನಾ ಬಳ್ಳಾರಿ ಬಸ್ಸು ಹತ್ತದೆ, ಆನ್‌ಲೈನ್‌ನಲ್ಲೇ ಓದಿ ಫಾರ್ಮಸಿಸ್ಟ್ ಆಗಬಹುದಾ?

ಓದೋದಂತೂ ಆಗುತ್ತೆ. ಔಷಧ ದೇಹಕ್ಕೆ ಏನು ಮಾಡುತ್ತೆ, ದೇಹ ಔಷಧಕ್ಕೆ ಏನು ಮಾಡುತ್ತೆ ಅನ್ನೋದೇ ಫಾರ್ಮಕಾಲಜಿ. ಬಿ.ಕಾಂ ಓದಿದ ನನಗೆ ಅದು ಲೆಡ್ಜರ್ ಥರ: ನುಂಗಿದ ಮಾತ್ರೆ ಜಮಾ, ಲಿವರ್, ಕಿಡ್ನಿ ಹೊರಹಾಕಿದ್ದು ಖರ್ಚು. ರಕ್ತದಲ್ಲಿನ ಪ್ಯಾರಾಸಿಟಮಾಲ್ ಅರ್ಧಕ್ಕಿಳಿಯೋಕೆ ಸುಮಾರು 2ರಿಂದ 3 ಗಂಟೆ ಬೇಕು. ಖರ್ಚಾಗೋ ಮೊದಲೇ ಮೇಲಿಂದ ಮೇಲೆ ನುಂಗಿದ್ರೆ ಲಿವರ್‌ಗೆ ಪೆಟ್ಟು. ಇಂಥ ಪಾಠಗಳು ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್‌ನಲ್ಲಿ ಉಚಿತ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯೋಕೆ ಮಾತ್ರ ಫೀಸು.

ಆದ್ರೆ ಆ ಸರ್ಟಿಫಿಕೇಟ್ ಹಿಡಿದು ಕೌಂಟರ್‌ನಲ್ಲಿ ನಿಲ್ಲೋಕಾಗಲ್ಲ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡೋರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಅದಕ್ಕೆ ಕನಿಷ್ಠ ಡಿ.ಫಾರ್ಮಾ: ಪಿಯುಸಿ ಸೈನ್ಸ್ ಆದ್ಮೇಲೆ 2 ವರ್ಷ ಕಾಲೇಜು, ಜೊತೆಗೆ 500 ಗಂಟೆ ಪ್ರಾಯೋಗಿಕ ತರಬೇತಿ.

‘ಮನೇಲೇ ಕೂತು ಡಿ.ಫಾರ್ಮಾ’ ಅಂತ ಯಾರಾದ್ರೂ ಫೀಸು ಕೇಳಿದ್ರೆ, ದುಡ್ಡು ಕಟ್ಟೋ ಮುಂಚೆ ಆ ಕಾಲೇಜು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಪಟ್ಟಿಯಲ್ಲಿದೆಯಾ ನೋಡಿ. ಇಲ್ಲದಿದ್ರೆ ದುಡ್ಡೂ ಹೋಗುತ್ತೆ, ಎರಡು ವರ್ಷಾನೂ ಹೋಗುತ್ತೆ.