ನಿಮಗಿದು ಗೊತ್ತೆ? ಕೋಣೆಯ ಬೆಳಕು ಮನಸ್ಸನ್ನೂ ಮುಟ್ಟುತ್ತದೆ

ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿಯಲ್ಲಿ, ಅಂದರೆ ಜನ ಅರವತ್ತು ಕಂಬದ ಗುಡಿ ಎಂದು ಕರೆಯುವಲ್ಲಿ, ತೆರೆದ ಮಂಟಪದಿಂದ ಗರ್ಭಗುಡಿಯತ್ತ ನಡೆದಂತೆ ಬೆಳಕು ಇಳಿಯುತ್ತದೆ. ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಇಂಥ ಅಂತರ ಎಷ್ಟು ದೊಡ್ಡದೆಂದು ತಿಳಿಯುವುದೇ ಇಲ್ಲ: ಮಧ್ಯಾಹ್ನ ಹೊರಗಿನ ನೆರಳಲ್ಲೂ ಸಾವಿರಾರು ಲಕ್ಸ್ (ಬೆಳಕಿನ ಅಳತೆಯ ಮಾನ) ಬೆಳಕಿದ್ದರೆ, ದೀಪ ಹಚ್ಚಿದ ಮನೆಯ ಕೋಣೆಯಲ್ಲಿ ಸಾಮಾನ್ಯವಾಗಿ ಕೆಲವು ನೂರು ಮಾತ್ರ. ನೋಟ ಮರೆತರೂ ಮಿದುಳು ಈ ಕೊರತೆಯನ್ನು ಮರೆಯದು. ಅಕ್ಷಿಪಟಲದಲ್ಲಿ ಬೆಳಕಿನ ಪ್ರಮಾಣವನ್ನೇ ಅಳೆಯುವ, ನೀಲಿಗೆ ಹೆಚ್ಚು ಸ್ಪಂದಿಸುವ ಜೀವಕೋಶಗಳಿವೆ ಎಂಬುದು 2002ರಲ್ಲಿ ಖಚಿತವಾಯಿತು. ಅವು ದೇಹದ ಗಡಿಯಾರಕ್ಕೆ ಸುದ್ದಿ ಮುಟ್ಟಿಸಿ, ರಾತ್ರಿಯ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತವೆ. ಚಳಿಗಾಲದ ಖಿನ್ನತೆಗೆ ಬೆಳಗಿನ ಹೊತ್ತು 10,000 ಲಕ್ಸ್ ಬೆಳಕನ್ನು ಚಿಕಿತ್ಸೆಯಾಗಿ ಕೊಡುವುದೂ ಉಂಟು.

ಹಾಗಾದರೆ ರಾತ್ರಿ ಓದುವ ಮಕ್ಕಳಿಗೆ ಪ್ರಖರ ಬಲ್ಬು ಹಾಕಿದರಾಯಿತಲ್ಲ ಎನ್ನಬಹುದು. ಎಚ್ಚರವೇನೋ ಹೆಚ್ಚುತ್ತದೆ, ಆದರೆ ನಿದ್ದೆ ಮುಂದೆ ಹೋಗಿ ಮರುದಿನದ ಗಮನ, ನೆನಪು ಎರಡಕ್ಕೂ ಪೆಟ್ಟು. ಬೆಳಕು ಹೆಚ್ಚಿದಷ್ಟೂ ಬುದ್ಧಿ ಚುರುಕು ಎಂಬುದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಹೊಸ ಬಲ್ಬಿಗಿಂತ, ಹಗಲು ಓದುವ ಮೇಜನ್ನು ಕಿಟಕಿಯ ಬಳಿಗೆ ಎಳೆಯುವುದೇ ಮೇಲು. 2022ರಲ್ಲಿ ತಜ್ಞರು ಸೂಚಿಸಿದ ಅಳತೆಯೂ ಇದನ್ನೇ ಹೇಳುತ್ತದೆ: ಕಣ್ಣಿನ ಮಟ್ಟದಲ್ಲಿ ಹಗಲು ಕನಿಷ್ಠ 250 ಮೆಲನೋಪಿಕ್ ಲಕ್ಸ್ (ನೀಲಿಗೆ ಸ್ಪಂದಿಸುವ ಆ ಜೀವಕೋಶಗಳ ಲೆಕ್ಕದಲ್ಲಿ ಅಳೆದ ಬೆಳಕು), ಮಲಗುವ ಮುನ್ನ 3 ಗಂಟೆ ಗರಿಷ್ಠ 10.