ನೆನಪು ಹೋಗಿಲ್ಲ, ಬೇಕಾದಾಗ ಬರುತ್ತಿಲ್ಲ

ಅಗಡಿಯಲ್ಲಿರುವ ನನ್ನ ಚಾಚಾ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಯಾವ ರೈತನ ಎಷ್ಟು ಚೀಲ ಬಂದಿದೆ, ಯಾವ ದರಕ್ಕೆ ಹೋಯಿತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬುದೆಲ್ಲ ಖಾತೆ ಪುಸ್ತಕ ತೆರೆಯದೆಯೇ ಅವರಿಗೆ ಗೊತ್ತಿರುತ್ತಿತ್ತು. ಮೂರು ವರ್ಷಗಳ ಹಿಂದೆ ಒಂದು ಸಂಜೆ ಊರಿಗೆ ಮರಳುವಾಗ ಬೈಕಿಗೆ ನಾಯಿ ಅಡ್ಡ ಬಂತು. ಹೆಲ್ಮೆಟ್ ಇತ್ತು, ಆದರೆ ಪೆಟ್ರೋಲ್ ಟ್ಯಾಂಕಿನ ಮೇಲೆ. ಹಣೆ ರಸ್ತೆಗೆ ಬಡಿಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಮನೆಗೆ ಬಂದರು. ಕೈಕಾಲಿಗೆ ಏನೂ ಆಗಿರಲಿಲ್ಲ, ಮಾತು ಸ್ಪಷ್ಟವಾಗಿತ್ತು. ನೋಡಲು ಬಂದವರನ್ನೆಲ್ಲ ಹೆಸರು ಹಿಡಿದು ಕರೆದರು. ಚಿಕ್ಕಂದಿನಲ್ಲಿ ಕಲಿತ ಸೂರಾಗಳಲ್ಲಿ ಒಂದು ಅಕ್ಷರವೂ ತಪ್ಪಲಿಲ್ಲ. ಅಲ್ಲಾಹನ ದಯೆ, ಪಾರಾದರು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟೆವು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಎಣ್ಣೆ ತರಲು ಹೋದವರು ಬಾಳೆಹಣ್ಣು ಹಿಡಿದು ಬರುತ್ತಿದ್ದರು. ಮಾತ್ರೆ ಕಣ್ಣೆದುರೇ ಇದ್ದರೂ ಹೊತ್ತಿಗೆ ನೆನಪಾಗುತ್ತಿರಲಿಲ್ಲ, 'ಮಾತ್ರೆ ಎಷ್ಟು ಹೊತ್ತಿಗೆ?' ಎಂದು ಕೇಳಿದರೆ ಮಾತ್ರ ಸರಿಯಾಗಿ ಹೇಳುತ್ತಿದ್ದರು. ಒಂದು ದಿನ, "ನಿನ್ನೆ ಪೇಟಿಗೆ ಹೋಗಿದ್ದೆ, ಮಾಲಕರು ರೊಕ್ಕ ಕೊಟ್ರು" ಎಂದರು. ಹಿಂದಿನ ದಿನ ಅವರು ಹೊಸ್ತಿಲು ದಾಟಿರಲಿಲ್ಲ. ಚಾಚಿ ಅಳುತ್ತಾ, "ಇಷ್ಟು ವರ್ಷದಾಗ ನನ್ನ ಮುಂದ ಒಂದು ಸುಳ್ಳು ಹೇಳಿದವರಲ್ಲ, ಈಗ ಯಾಕ ಹಿಂಗ?" ಎಂದು ನನ್ನನ್ನು ಕೇಳಿದರು. ಸೋಮಾರಿತನ ಎಂದವರಿದ್ದರು, ಯಾರದೋ ನಜರ್ ತಾಗಿದೆ ಎಂದವರೂ ಇದ್ದರು. ಮನೆಯಲ್ಲಿ ದಿನವೂ ಜಗಳ.

ಚಾಚಾ ಸುಳ್ಳು ಹೇಳುತ್ತಿರಲಿಲ್ಲ. ಪೆಟ್ಟು ಬಿದ್ದದ್ದು ಮೆದುಳಿನ ಮುಂಭಾಗಕ್ಕೆ, ಅಂದರೆ ಹಣೆಯ ಹಿಂದಿರುವ ಭಾಗಕ್ಕೆ. ಹೊಸ ಸಂಗತಿಗಳನ್ನು ನೆನಪಾಗಿ ಉಳಿಸುವ ಮುಖ್ಯ ಕೆಲಸ ಈ ಭಾಗದ್ದಲ್ಲ. ಅದನ್ನು ಕಿವಿಗಳ ನೇರಕ್ಕೆ ಮೆದುಳಿನ ಒಳಗಿರುವ ಹಿಪೊಕ್ಯಾಂಪಸ್ ಎಂಬ ಭಾಗ ಮಾಡುತ್ತದೆ. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ ಅದು ಗೋದಾಮು, ಮುಂಭಾಗ ಗುಮಾಸ್ತ. ಯಾವ ಚೀಲ ಯಾರದು, ಯಾವಾಗ ಬಂತು, ಈಗ ಯಾವುದನ್ನು ಹೊರಗೆ ತೆಗೆಯಬೇಕು ಎಂದು ನೋಡುವವನು ಗುಮಾಸ್ತ. ಅವನು ಕಾಯಿಲೆ ಬಿದ್ದರೆ ಗೋದಾಮಿನಲ್ಲಿ ಮಾಲು ಇದ್ದೂ ಅಂಗಡಿ ನಡೆಯುವುದಿಲ್ಲ.

ಅದಕ್ಕೇ ಇಂಥವರಿಗೆ ಹಳೆಯದು ನೆನಪಿರುತ್ತದೆ, ಆದರೆ ಮುಂದೆ ಮಾಡಬೇಕಾದದ್ದು ಆ ಹೊತ್ತಿಗೆ ಹೊಳೆಯುವುದಿಲ್ಲ. ನಡೆದದ್ದು ಗೊತ್ತಿರುತ್ತದೆ, ಮೊದಲು ಯಾವುದು ಆಮೇಲೆ ಯಾವುದು, ಯಾರು ಹೇಳಿದ್ದು ಎಂಬುದು ಕಲಸಿಹೋಗುತ್ತದೆ. ಹೋದ ವರ್ಷದ ಪೇಟೆ ನಿನ್ನೆಯ ಪೇಟೆಯಾಗಿ ಬಾಯಿಗೆ ಬರುತ್ತದೆ. ಅದನ್ನು 'ಇದು ಹಳೆಯದು' ಎಂದು ತಡೆಯಬೇಕಾದ ಕಾವಲುಗಾರನೂ ಮುಂಭಾಗದಲ್ಲೇ ಇರುವುದರಿಂದ ಹೇಳುವವರು ತಾವು ಹೇಳಿದ್ದನ್ನು ಪೂರ್ತಿ ನಂಬಿರುತ್ತಾರೆ. ಮುಂಭಾಗಕ್ಕೆ ಸಂಬಂಧಿಸಿದ ರಕ್ತನಾಳ ಒಡೆದವರಲ್ಲೂ ವೈದ್ಯರು ಇದನ್ನು ಕಾಣುತ್ತಾರೆ.

ನನಗೆ ಇದು ಅರ್ಥವಾದದ್ದು ನಮಾಜಿನಿಂದ. ಮಸೀದಿಯಲ್ಲಿ ಇಮಾಮರ ಹಿಂದೆ ಜಮಾಅತ್‌ನಲ್ಲಿ ನಿಂತರೆ ಚಾಚಾ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಮನೆಯಲ್ಲಿ ಒಬ್ಬರೇ ನಿಂತರೆ ಮೂರನೆಯ ರಕಅತ್ತೋ ನಾಲ್ಕನೆಯದೋ ತಿಳಿಯದೆ ನಿಂತುಬಿಡುತ್ತಿದ್ದರು. ಓದಬೇಕಾದದ್ದೆಲ್ಲ ಬಾಯಿಗೆ ಬರುತ್ತಿತ್ತು, ಲೆಕ್ಕ ಇಡುವುದಕ್ಕೆ ಆಗುತ್ತಿರಲಿಲ್ಲ. ಹೊರಗಿನಿಂದ ಯಾರಾದರೂ ಕ್ರಮ ಹಾಕಿಕೊಟ್ಟರೆ ಸಾಕಾಗುತ್ತಿತ್ತು.

ಬೈಕಿನಿಂದ ಬಿದ್ದವರಲ್ಲಿ ಪೆಟ್ಟು ಮುಂಭಾಗಕ್ಕೇ ಹೆಚ್ಚಾಗಿ ಆಗುವುದಕ್ಕೆ ಕಾರಣವಿದೆ. ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ ಒಳಗಿನ ಮೆದುಳು ಮುಂದಕ್ಕೆ ಸರಿಯುತ್ತದೆ. ಕಣ್ಣುಗಳ ಮೇಲಿನ ತಲೆಬುರುಡೆಯ ಒಳನೆಲ ನುಣುಪಾಗಿಲ್ಲ, ಉಬ್ಬುತಗ್ಗು. ಅದಕ್ಕೆ ಉಜ್ಜಿ ಮೆದುಳಿನ ಮುಂಭಾಗದ ಅಡಿ ಜಜ್ಜುತ್ತದೆ. ಹಿಂದಲೆ ಬಡಿದರೂ ಮುಂಭಾಗಕ್ಕೆ ಗಾಯವಾಗಬಹುದು. ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣಿಸದಿದ್ದರೂ ತೊಂದರೆ ಇರಬಹುದು.

ವೈದ್ಯಶಾಸ್ತ್ರದಲ್ಲಿ ಈ ಭಾಗದ ಕಥೆ ಅಮೆರಿಕದ ಫಿನಿಯಾಸ್ ಗೇಜ್ ಎಂಬ ರೈಲುದಾರಿ ಕೆಲಸಗಾರನಿಂದ ಆರಂಭವಾಗುತ್ತದೆ. 1848ರ ಸೆಪ್ಟೆಂಬರ್ 13ರಂದು ಬಂಡೆಗೆ ಮದ್ದು ತುಂಬುವಾಗ ಸಿಡಿದು, ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವನು ಬದುಕಿದ. ಹಳೆಯದೂ ಹೊಸದೂ ಅವನಿಗೆ ನೆನಪಿರುತ್ತಿತ್ತು ಎಂದು ಚಿಕಿತ್ಸೆ ಮಾಡಿದ ಡಾಕ್ಟರ್ ಹಾರ್ಲೊ ಬರೆದಿದ್ದಾರೆ. ಆದರೆ ಹಾಕಿಕೊಂಡ ಯೋಜನೆಯನ್ನು ಹಿಡಿದು ಮುಂದುವರಿಯಲು ಅವನಿಗೆ ಆಗುತ್ತಿರಲಿಲ್ಲ, ಸ್ವಭಾವವೂ ಒರಟಾಗಿತ್ತು. ಹಳೆಯ ಕೆಲಸಕ್ಕೆ ಅವನನ್ನು ತೆಗೆದುಕೊಳ್ಳಲಿಲ್ಲ. ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತವೆ. ನನಗೆ ಮುಖ್ಯವೆನಿಸುವುದು ಆಮೇಲಿನದು: ಅವನು ಚಿಲಿ ದೇಶದಲ್ಲಿ ಹಲವು ವರ್ಷ ಪ್ರಯಾಣಿಕರ ಕುದುರೆಗಾಡಿ ಓಡಿಸಿದ. ದಿನವೂ ಅದೇ ಹೊತ್ತು, ಅದೇ ದಾರಿ, ಅದೇ ಕೆಲಸ. ಆ ಕ್ರಮವೇ ಅವನನ್ನು ನಿಲ್ಲಿಸಿರಬೇಕು ಎಂದು ಈಚಿನ ಕೆಲವು ವಿದ್ವಾಂಸರು ಹೇಳುತ್ತಾರೆ.

ಅಪಘಾತವಾಗಿ ಏಳು ತಿಂಗಳಾದ ಮೇಲೆ ಚಾಚಾರನ್ನು ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಮೊದಲೇ ಹೋಗಬೇಕಿತ್ತು. ಅಲ್ಲಿ ಹದಿನೈದು ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳಿ, ನೆನಪಿರುವುದನ್ನು ಹೇಳಿ ಎಂದರು. ಚಾಚಾ ಐದಾರು ಪದಕ್ಕೆ ನಿಂತರು. 'ಈ ಪದ ಪಟ್ಟಿಯಲ್ಲಿತ್ತಾ?' ಎಂದು ಒಂದೊಂದಾಗಿ ಕೇಳಿದಾಗ ಬಹುತೇಕ ಎಲ್ಲವನ್ನೂ ಗುರುತಿಸಿದರು. ಪಕ್ಕದಲ್ಲಿ ಕುಳಿತಿದ್ದ ಚಾಚಿಗೆ ಯಾರೂ ಏನೂ ವಿವರಿಸುವ ಅಗತ್ಯ ಬರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ಪರೀಕ್ಷೆ, ಪುನರ್ವಸತಿ ತರಬೇತಿ ಎರಡೂ ಇವೆ.

ಇದಕ್ಕೆಂದೇ ಒಂದು ಮಾತ್ರೆ ಇಲ್ಲ. ಗಾಯದ ಮೊದಲ ತಿಂಗಳುಗಳಲ್ಲಿ ಚೇತರಿಕೆ ಬೇಗ, ಆಮೇಲೆ ನಿಧಾನ. ಮನೆಯವರು ಗುಮಾಸ್ತನ ಕೆಲಸವನ್ನು ಸ್ವಲ್ಪ ಸ್ವಲ್ಪ ಹೊತ್ತುಕೊಳ್ಳಬೇಕು. ಚಾಚಿ ಮಾತ್ರೆಗಳನ್ನು ಅಜಾನ್‌ಗೆ ಜೋಡಿಸಿದರು: ಫಜ್ರ್ ಆದ ಮೇಲೆ ಬಿಳಿಯದು, ಇಶಾ ಆದ ಮೇಲೆ ಹಳದಿಯದು. ಅಜಾನ್ ಕಿವಿಗೆ ಬಿದ್ದರೆ ಮಾತ್ರೆ ನೆನಪಾಗುತ್ತದೆ. ಅಂಗಿಯ ಕಿಸೆಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟರು. ಚಪ್ಪಲಿ, ಕೀಲಿ, ಕನ್ನಡಕಕ್ಕೆ ಒಂದೊಂದೇ ಜಾಗ. ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತಾರೆ. 'ನೆನಪಿಲ್ಲೇನು?' ಎಂದು ಗದರುವುದನ್ನು ಬಿಟ್ಟು 'ಎಣ್ಣೆಯೋ, ಹಣ್ಣೋ?' ಎಂದು ಸುಳಿವು ಕೊಡುತ್ತಾರೆ. ಬ್ಯಾಂಕಿನ ಕಾಗದ, ಸಾಲದ ಜಾಮೀನು, ಜಮೀನಿನ ಮಾತು ಬಂದರೆ ಅವರೊಬ್ಬರ ಸಹಿ ಮಾಡಿಸುವುದಿಲ್ಲ. ಇದನ್ನು ಕಲಿಯುವ ಮೊದಲೇ ಒಂದು ಪೆಟ್ಟು ತಿಂದಾಗಿತ್ತು, ಅದನ್ನು ಇಲ್ಲಿ ಬರೆಯುವುದು ಬೇಡ.

ವಯಸ್ಸಾದವರ ಬಗ್ಗೆ ಒಂದು ಮಾತು. ಬಚ್ಚಲಲ್ಲಿ ಜಾರಿ ತಲೆ ತಾಗಿ, ಏನೂ ಆಗಲಿಲ್ಲವೆಂದು ಬಿಟ್ಟವರಿಗೆ ವಾರಗಳ ನಂತರ ಮರೆವು, ಮಂಕು, ನಡಿಗೆಯಲ್ಲಿ ತೂರಾಟ ಬಂದರೆ ಅದು ಮುಪ್ಪು ಎಂದು ಸುಮ್ಮನಿರಬೇಡಿ. ಮೆದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಕೂಡಿರಬಹುದು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆದರೆ ಎಷ್ಟೋ ಮಂದಿ ಮೊದಲಿನಂತಾಗುತ್ತಾರೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆಯಿಂದ ಬರುವ ಮರೆವಿಗೂ ಚಿಕಿತ್ಸೆ ಇದೆ.

ತಲೆಗೆ ಪೆಟ್ಟು ಬಿದ್ದವರು ಮತ್ತೆ ಮತ್ತೆ ವಾಂತಿ ಮಾಡಿದರೆ, ತೂಕಡಿಕೆ ಹೆಚ್ಚಿದರೆ, ಫಿಟ್ಸ್ ಬಂದರೆ, ಮೂಗು ಕಿವಿಯಿಂದ ನೀರಿನಂತೆ ಸೋರಿದರೆ ನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ, 108ಕ್ಕೆ ಕರೆ ಮಾಡಿ. ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಪೊಲೀಸ್ ಕೇಸಿನ ಹೆದರಿಕೆಯೂ ಬೇಡ, 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡುವವರಿಗೆ ರಕ್ಷಣೆ ಕೊಟ್ಟಿದೆ. ಅದೇ ಕಾಯ್ದೆ ಹಿಂದೆ ಕೂತವರಿಗೂ, ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಬೇಕೆನ್ನುತ್ತದೆ. ಬುರ್ಖಾದ ಮೇಲೆ ಹೆಲ್ಮೆಟ್ ಹೇಗೆ ಎಂದು ನಮ್ಮ ಹೆಣ್ಣುಮಕ್ಕಳು ನಗುತ್ತಾರೆ. ತೆಳುವಾದ ಬಟ್ಟೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಹಾಕಿ ನೋಡಿ ಅಳತೆ ಆರಿಸಿದರೆ ಸರಿಯಾಗಿ ಕೂರುತ್ತದೆ. ಗದ್ದದ ಪಟ್ಟಿ ಹಾಕದಿದ್ದರೆ ಯಾವ ಹೆಲ್ಮೆಟ್ಟೂ ಬಿದ್ದಾಗ ತಲೆಯ ಮೇಲೆ ಉಳಿಯುವುದಿಲ್ಲ.

ಚಾಚಾ ಈಗ ಭಾವನ ಕಿರಾಣಿ ಅಂಗಡಿಯಲ್ಲಿ ಬೆಳಿಗ್ಗೆ ಕೂರುತ್ತಾರೆ. ಕೊಟ್ಟ ಸಾಮಾನನ್ನು ಆಗಲೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮಗನಿಗೆ ಈ ವರ್ಷ ಬೈಕ್ ಬಂತು. ಚಾಚಿ ಅದರ ಕೀಲಿಯನ್ನು ಹೆಲ್ಮೆಟ್ಟಿನ ಪಟ್ಟಿಗೆ ಕಟ್ಟಿ ಮೊಳೆಗೆ ತೂಗುಹಾಕಿದ್ದಾರೆ.